ಸಂಖ್ಯೆ ಸರಿ, ಓದು ತಪ್ಪು: ಡಿಜಿಟಲ್ ಧ್ವನಿಯ ಪಾಠಕ್ಕೊಂದು ವಿಮರ್ಶೆ

ಗಣಕವು ಧ್ವನಿಯನ್ನು ಹೇಗೆ ಹಿಡಿದಿಡುತ್ತದೆ ಎಂಬ ಪಾಠವನ್ನು ನೀವು ಬೋಧಿಸಿರಬಹುದು ಅಥವಾ ಕಲಿತಿರಬಹುದು. ಅದರ ಹಂತಗಳು ಸಾಮಾನ್ಯವಾಗಿ ಹೀಗಿರುತ್ತವೆ. ಗಾಳಿಯ ಒತ್ತಡದಲ್ಲಾಗುವ ಏರಿಳಿತವನ್ನು ಮೈಕ್ರೊಫೋನ್ ವೋಲ್ಟೇಜಿನ ಏರಿಳಿತವಾಗಿ ಪರಿವರ್ತಿಸುತ್ತದೆ. ಆ ವೋಲ್ಟೇಜನ್ನು ಸಮಾನ ಕಾಲಾಂತರಗಳಲ್ಲಿ ಅಳೆಯಲಾಗುತ್ತದೆ. ಪ್ರತಿ ಅಳತೆಯೂ ಒಂದು ಸ್ಯಾಂಪಲ್, ಅಂದರೆ ಮಾದರಿ. ಅಳತೆಯನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿ ದ್ವಿಮಾನ ಪದ್ಧತಿಯಲ್ಲಿ ಬರೆದಿಡಲಾಗುತ್ತದೆ. ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲ ತರಂಗವನ್ನು ಮರಳಿ ಪಡೆಯಬಹುದು. ಈ ವಿಚಾರದ ಬೀಜ 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ತಂತಿ ಸಂದೇಶಗಳ ಬಗ್ಗೆ ಬರೆದ ಪ್ರಬಂಧದಲ್ಲಿತ್ತು. 1949ರಲ್ಲಿ ಕ್ಲಾಡ್ ಶ್ಯಾನನ್ ಅದನ್ನು ಪ್ರಮೇಯದ ರೂಪದಲ್ಲಿ ಮಂಡಿಸಿದರು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಸೆಕೆಂಡಿಗೆ 44,100 ಮಾದರಿಗಳನ್ನು, ಪ್ರತಿ ಮಾದರಿಗೆ 16 ಬಿಟ್‌ಗಳನ್ನು ಬಳಸುತ್ತದೆ. ಇಲ್ಲಿಗೆ ಪಾಠ ಮುಗಿಯುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪಾಠವನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿಯೊಬ್ಬ ಧ್ವನಿಯ ಕಡತವೊಂದನ್ನು ಓದಿ, ಬೇರೊಂದು ರೂಪಕ್ಕೆ ಬದಲಿಸಿ ನುಡಿಸುವ ಸಣ್ಣ ಪ್ರೋಗ್ರಾಮು ಬರೆದನೆಂದುಕೊಳ್ಳಿ. ಸ್ಪೀಕರಿನಿಂದ ಹಾಡಿಗೆ ಬದಲು ಭೋರ್ಗರೆಯುವ ಸದ್ದು ಬರುತ್ತದೆ. ಆತ ಎಲ್ಲಿ ಹುಡುಕಬೇಕು? ಪಾಠ ಕಲಿಸಿದ್ದು ಮಾದರಿ ದರ ಮತ್ತು ಬಿಟ್‌ಗಳ ಸಂಖ್ಯೆಯನ್ನು ಮಾತ್ರ. ಹಾಗಾಗಿ ಆತ ಮೈಕ್ರೊಫೋನನ್ನು ಸಂಶಯಿಸುತ್ತಾನೆ, ಧ್ವನಿಯ ಮಟ್ಟ ತಗ್ಗಿಸುತ್ತಾನೆ, ಗದ್ದಲ ತೆಗೆಯುವ ಶೋಧಕ ಹಾಕುತ್ತಾನೆ. ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ದೋಷವಿರುವುದು ಧ್ವನಿಯಲ್ಲಲ್ಲ. ಕಡತದಲ್ಲಿರುವ ಸಂಖ್ಯೆಗಳು ಸರಿಯಾಗಿಯೇ ಇವೆ. ಅವನ್ನು ಓದುವ ಕ್ರಮ ತಪ್ಪಿದೆ. ನಮ್ಮ ಪಾಠ ಸಂಖ್ಯೆಯನ್ನು ಕಲಿಸಿ ಓದುವ ಕ್ರಮವನ್ನು ಬಿಟ್ಟುಬಿಡುತ್ತದೆ ಎಂಬುದೇ ಈ ವಿಮರ್ಶೆಯ ಮುಖ್ಯ ಆಕ್ಷೇಪಣೆ.

ಬಫರ್ ಎಂಬ ಕೊಳಗ

ಧ್ವನಿಯನ್ನು ಸಂಸ್ಕರಿಸುವಾಗ ತಂತ್ರಾಂಶವು ಮಾದರಿಗಳನ್ನು ತಂಡ ತಂಡವಾಗಿ ನೆನಪಿನ ಕೋಶದ ಒಂದು ಭಾಗದಲ್ಲಿ ತಾತ್ಕಾಲಿಕವಾಗಿ ತುಂಬಿಸಿಕೊಳ್ಳುತ್ತದೆ. ಈ ಭಾಗಕ್ಕೆ ಬಫರ್ ಎಂದು ಹೆಸರು. ಹಿಂದೆ ಹಳ್ಳಿಗಳಲ್ಲಿ ಭತ್ತ ಅಳೆಯುತ್ತಿದ್ದ ಕೊಳಗವನ್ನು ನೆನಪಿಸಿಕೊಳ್ಳಿ. ಕೊಳಗದ ಗಾತ್ರ ಊರಿಂದ ಊರಿಗೆ ಬೇರೆಯಾಗಿರುತ್ತಿತ್ತು. ‘ಹತ್ತು ಕೊಳಗ’ ಎಂದಷ್ಟೇ ಬರೆದಿಟ್ಟರೆ ಯಾವ ಊರಿನ ಕೊಳಗ ಎಂಬುದು ತಿಳಿಯದೆ ಲೆಕ್ಕ ಪೂರ್ತಿಯಾಗುತ್ತಿರಲಿಲ್ಲ. ಬಫರಿನ ಸ್ಥಿತಿಯೂ ಹೀಗೆಯೇ. ಅದರೊಳಗಿರುವುದು ಬೈಟುಗಳ ಸಾಲು ಮಾತ್ರ. ಆ ಸಾಲಿನಿಂದ ಧ್ವನಿಯನ್ನು ಪಡೆಯಲು ಕನಿಷ್ಠ ಆರು ವಿಷಯಗಳು ತಿಳಿದಿರಬೇಕು:

1. ಒಂದು ಮಾದರಿಗೆ ಎಷ್ಟು ಬೈಟುಗಳು?
2. ಸಂಖ್ಯೆ ಪೂರ್ಣಾಂಕವೋ, ಫ್ಲೋಟ್ ಎಂದು ಕರೆಯುವ ದಶಾಂಶ ಸಂಖ್ಯೆಯೋ?
3. ಪೂರ್ಣಾಂಕವಾದರೆ ಅದಕ್ಕೆ ಧನ-ಋಣ ಚಿಹ್ನೆ ಇದೆಯೋ, ಇಲ್ಲವೋ?
4. ಬೈಟುಗಳಲ್ಲಿ ಮೊದಲು ಬರುವುದು ದೊಡ್ಡ ಸ್ಥಾನದ್ದೋ, ಚಿಕ್ಕ ಸ್ಥಾನದ್ದೋ?
5. ಚಾನೆಲ್‌ಗಳು ಎಷ್ಟು? ಅವುಗಳ ಮಾದರಿಗಳು ಹೇಗೆ ಹೆಣೆದುಕೊಂಡಿವೆ?
6. ಸೆಕೆಂಡಿಗೆ ಎಷ್ಟು ಮಾದರಿಗಳು?

ಈ ಆರರಲ್ಲಿ ನಮ್ಮ ಪಾಠ ಹೇಳಿಕೊಡುವುದು ಮೊದಲನೆಯದನ್ನು ಮತ್ತು ಕೊನೆಯದನ್ನು. ಉಳಿದ ನಾಲ್ಕರಲ್ಲಿ ಒಂದು ತಪ್ಪಿದರೂ ಧ್ವನಿ ಕೆಡುತ್ತದೆ. ಪ್ರತಿಯೊಂದು ತಪ್ಪಿಗೂ ತನ್ನದೇ ಆದ ಸದ್ದಿದೆ. ವೈದ್ಯರು ಎದೆಬಡಿತ ಕೇಳಿ ಕಾಯಿಲೆಯ ಸುಳಿವು ಹಿಡಿಯುವಂತೆ ಕೆಟ್ಟ ಸದ್ದನ್ನು ಕೇಳಿಯೇ ತಪ್ಪಿನ ಜಾಡು ಹಿಡಿಯಬಹುದು. ಒಂದೊಂದನ್ನೇ ನೋಡೋಣ.

ಉದಾಹರಣೆಗಾಗಿ ಒಂದು ಸರಳ ತರಂಗವನ್ನು ತೆಗೆದುಕೊಳ್ಳಿ. ಆವೃತ್ತಿ 441 ಹರ್ಟ್ಸ್, ಮಾದರಿ ದರ 44,100. ಆಗ ಒಂದು ಆವರ್ತಕ್ಕೆ ಸರಿಯಾಗಿ 100 ಮಾದರಿಗಳು ಬರುತ್ತವೆ. ತರಂಗದ ಪಾರ 16,000 ಇರಲಿ. ಸೈನ್ ಕೋಷ್ಟಕದಿಂದ ಮೊದಲ ಆರು ಮಾದರಿಗಳನ್ನು ನೀವೇ ಲೆಕ್ಕ ಹಾಕಬಹುದು: 0, 1005, 2005, 2998, 3979, 4944. ಇಪ್ಪತ್ತೈದನೆಯ ಹೆಜ್ಜೆಯಲ್ಲಿ ತರಂಗ 16,000ದ ಶಿಖರ ಮುಟ್ಟುತ್ತದೆ.

ಬೈಟುಗಳ ಹಿಂದುಮುಂದು

16 ಬಿಟ್‌ಗಳ ಸಂಖ್ಯೆಗೆ ಎರಡು ಬೈಟುಗಳು ಬೇಕು. 1005 ಎಂಬುದು 3 ಗುಣಿಸು 256, ಕೂಡಿಸು 237. ಇಲ್ಲಿ 3 ದೊಡ್ಡ ಸ್ಥಾನದ ಬೈಟು, 237 ಚಿಕ್ಕ ಸ್ಥಾನದ ಬೈಟು. ಇವುಗಳಲ್ಲಿ ಯಾವುದನ್ನು ಮೊದಲು ಬರೆಯಬೇಕು ಎಂಬ ಬಗ್ಗೆ ಗಣಕ ತಯಾರಕರಲ್ಲಿ ಒಮ್ಮತವಿರಲಿಲ್ಲ. 1980ರಲ್ಲಿ ಡ್ಯಾನಿ ಕೋಹೆನ್ ಎಂಬ ಗಣಕ ವಿಜ್ಞಾನಿ ಈ ಜಗಳವನ್ನು ಜೊನಾಥನ್ ಸ್ವಿಫ್ಟನ ಗಲಿವರ್ ಕಥೆಯಲ್ಲಿ ಬರುವ ಮೊಟ್ಟೆಯ ಜಗಳಕ್ಕೆ ಹೋಲಿಸಿದರು. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚೂಪು ತುದಿಯಿಂದಲೋ ಎಂದು ಅಲ್ಲಿನ ಜನ ಯುದ್ಧವನ್ನೇ ಮಾಡುತ್ತಾರೆ. ಬಿಗ್ ಎಂಡಿಯನ್, ಲಿಟ್ಲ್ ಎಂಡಿಯನ್ ಎಂಬ ಹೆಸರುಗಳು ಗಣಕ ಕ್ಷೇತ್ರದಲ್ಲಿ ಬಳಕೆಗೆ ಬಂದದ್ದು ಈ ಹೋಲಿಕೆಯಿಂದ. ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ರೂಪಿಸಿದ ವೇವ್ ಕಡತದಲ್ಲಿ ಚಿಕ್ಕ ಸ್ಥಾನದ ಬೈಟು ಮೊದಲು. ಆಪಲ್ ಸಂಸ್ಥೆ 1988ರಲ್ಲಿ ತಂದ ಎಐಎಫ್ಎಫ್ ಕಡತದಲ್ಲಿ ದೊಡ್ಡ ಸ್ಥಾನದ ಬೈಟು ಮೊದಲು.

ಒಂದನ್ನು ಇನ್ನೊಂದರಂತೆ ಓದಿದರೆ ನಮ್ಮ ಆರು ಮಾದರಿಗಳು ಏನಾಗುತ್ತವೆ ಎಂಬುದನ್ನು ನೋಡಿ: 0, −4861, −11001, −18933, −29937, 20499. ಮೂಲದಲ್ಲಿ ಸಾವಿರ ಸಾವಿರದ ನಯವಾದ ಏರಿಕೆಯಿದ್ದ ಕಡೆ ಈಗ ಐವತ್ತು ಸಾವಿರದ ನೆಗೆತವಿದೆ. ಚಿಕ್ಕ ಸ್ಥಾನದ ಬೈಟು ಮಾದರಿಯಿಂದ ಮಾದರಿಗೆ ಬಹುಮಟ್ಟಿಗೆ ಯದ್ವಾತದ್ವಾ ಬದಲಾಗುತ್ತದೆ. ಅದೀಗ ದೊಡ್ಡ ಸ್ಥಾನದಲ್ಲಿ ಕುಳಿತಿರುವುದರಿಂದ ಕೇಳಿಬರುವುದು ಜಲಪಾತದಂಥ ಭೋರ್ಗರೆತ. ಪಿಸುಮಾತೂ ಅಬ್ಬರವೂ ಹೆಚ್ಚು ಕಡಿಮೆ ಒಂದೇ ಗಟ್ಟಿಯಲ್ಲಿ ಕೇಳುತ್ತವೆ. ಆದರೆ ಮಾದರಿಗಳು ಸೊನ್ನೆಯಾಗಿರುವ ನಿಶ್ಶಬ್ದದ ಭಾಗ ಮಾತ್ರ ನಿಶ್ಶಬ್ದವಾಗಿಯೇ ಉಳಿಯುತ್ತದೆ, ಏಕೆಂದರೆ ಸೊನ್ನೆಯ ಎರಡೂ ಬೈಟುಗಳು ಸೊನ್ನೆಯೇ. ಸ್ಪೀಕರಿನಿಂದ ಭೋರ್ಗರೆತ, ನಡುವೆ ಶುದ್ಧ ಮೌನ ಎಂದಾದರೆ ಮೊದಲು ಬೈಟುಗಳ ಕ್ರಮವನ್ನು ಸಂಶಯಿಸಿ.

ಓದುವಾಗ ಒಂದೇ ಒಂದು ಬೈಟು ಮುಂದೆ ಸರಿದರೂ ಇದೇ ಸದ್ದು ಬರುತ್ತದೆ. ಆಗ ಒಂದು ಮಾದರಿಯ ದೊಡ್ಡ ಬೈಟು ಮುಂದಿನ ಮಾದರಿಯ ಚಿಕ್ಕ ಬೈಟಿನೊಂದಿಗೆ ಜೋಡಿಯಾಗುತ್ತದೆ. ಅತಿ ಸರಳವಾದ ವೇವ್ ಕಡತದಲ್ಲಿ ಮೊದಲ 44 ಬೈಟುಗಳು ವಿವರಗಳಿಗೆ ಮೀಸಲು, ಧ್ವನಿ ಅನಂತರ. ಇದನ್ನು ನೋಡಿದ ಅನೇಕರು ‘ಮೊದಲ 44 ಬೈಟು ಬಿಟ್ಟು ಓದು’ ಎಂದು ಬರೆದುಬಿಡುತ್ತಾರೆ. ಆದರೆ ಹಾಡಿನ ಹೆಸರು, ಗಾಯಕರ ಹೆಸರು ಮುಂತಾದ ವಿವರಗಳ ಖಂಡಗಳೂ ಧ್ವನಿಗಿಂತ ಮೊದಲು ಬರಲು ಸ್ವರೂಪದ ನಿಯಮದಲ್ಲಿ ಅವಕಾಶವಿದೆ. ಅಂಥ ಕಡತದಲ್ಲಿ ಹೆಸರಿನ ಅಕ್ಷರಗಳೇ ಧ್ವನಿಯ ಮಾದರಿಗಳೆಂದು ನುಡಿದು, ಆರಂಭದಲ್ಲಿ ಚಿಟಿಲ್ ಎಂಬ ಸದ್ದಾಗುತ್ತದೆ.

ಚಿಹ್ನೆಯ ಗೊಂದಲ

ವೇವ್ ಸ್ವರೂಪದ ಬಗ್ಗೆಯೇ ಇಲ್ಲಿ ಒಂದು ಟೀಕೆ ಮಾಡಬೇಕಾಗಿದೆ. ಅದರಲ್ಲಿ 16 ಬಿಟ್ ಮಾದರಿಗಳಿಗೆ ಚಿಹ್ನೆ ಇದೆ: −32,768ರಿಂದ 32,767ರವರೆಗೆ, ನಿಶ್ಶಬ್ದವೆಂದರೆ 0. ಆದರೆ ಅದೇ ಸ್ವರೂಪದಲ್ಲಿ 8 ಬಿಟ್ ಮಾದರಿಗಳಿಗೆ ಚಿಹ್ನೆ ಇಲ್ಲ: 0ಯಿಂದ 255ರವರೆಗೆ, ನಿಶ್ಶಬ್ದವೆಂದರೆ 128. ಒಂದೇ ಕಡತ ಸ್ವರೂಪದಲ್ಲಿ ಎರಡು ನೀತಿ. ಇದನ್ನು ತಿಳಿಯದವರು ಎಡವುವುದು ಸಹಜ.

ಮೆಲುದನಿಯ ಐದು ಮಾದರಿಗಳು 126, 127, 128, 129, 130 ಎಂದಿರಲಿ. ಇವನ್ನು ಚಿಹ್ನೆಯುಳ್ಳ ಸಂಖ್ಯೆಗಳಂತೆ ಓದಿದರೆ 126, 127, −128, −127, −126 ಆಗುತ್ತವೆ. ಮಧ್ಯರೇಖೆಯ ಬಳಿ ಮೆಲ್ಲನೆ ಆಡುತ್ತಿದ್ದ ತರಂಗ ಈಗ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಜಿಗಿಯುತ್ತಿದೆ. ಮಾತು ಗುರುತು ಸಿಗುತ್ತದೆ, ಆದರೆ ಒಡೆದ ತಗಡಿನ ಮೂಲಕ ಬಂದಂತೆ ಕರ್ಕಶವಾಗಿರುತ್ತದೆ. ಬೈಟುಗಳ ಕ್ರಮ ತಪ್ಪಿದಾಗ ಮೌನ ಮೌನವಾಗಿಯೇ ಉಳಿದರೆ, ಇಲ್ಲಿ ಮೆಲುದನಿಯೇ ಅತಿ ಹೆಚ್ಚು ಕೆಡುತ್ತದೆ. ಪರಿಹಾರ ಸುಲಭ: ಪ್ರತಿ ಮಾದರಿಯಿಂದ 128 ಕಳೆಯಿರಿ. ಆಗ −2, −1, 0, 1, 2 ಸಿಗುತ್ತವೆ.

ಚಿಹ್ನೆಯ ಇನ್ನೊಂದು ತಪ್ಪು ಹೆಚ್ಚು ಗುಟ್ಟಿನದು. ಜಾವಾ ಭಾಷೆಯಲ್ಲಿ ಬೈಟ್ ಎಂಬುದು ಯಾವಾಗಲೂ ಚಿಹ್ನೆಯುಳ್ಳದ್ದು. ಎರಡು ಬೈಟುಗಳನ್ನು ಕೂಡಿಸಿ ಮಾದರಿ ಮಾಡುವಾಗ ಚಿಕ್ಕ ಸ್ಥಾನದ ಬೈಟನ್ನು ಚಿಹ್ನೆರಹಿತವಾಗಿಸಿಕೊಳ್ಳದಿದ್ದರೆ 237 ಎಂಬುದು −19 ಆಗಿ, 1005ರ ಜಾಗದಲ್ಲಿ 749 ಬರುತ್ತದೆ. 4944ರ ಚಿಕ್ಕ ಬೈಟು 80 ಆದ್ದರಿಂದ ಅದು ಮಾತ್ರ ಸರಿಯಾಗಿಯೇ ಇರುತ್ತದೆ. ಅಂದರೆ ಚಿಕ್ಕ ಬೈಟು 128 ಅಥವಾ ಹೆಚ್ಚಿರುವ ಮಾದರಿಗಳು ಮಾತ್ರ 256ರಷ್ಟು ಕಡಿಮೆಯಾಗುತ್ತವೆ. ಹಾಡು ಸ್ಪಷ್ಟವಾಗಿಯೇ ಕೇಳುತ್ತದೆ, ಅದರ ಮೇಲೆ ಮರಳು ಸುರಿದಂಥ ಸದ್ದು. ಹಳೆಯ ಧ್ವನಿಸುರುಳಿಯ ದೋಷವೆಂದು ಇದನ್ನು ಒಪ್ಪಿಕೊಂಡುಬಿಡುವ ಅಪಾಯವಿದೆ.

ತುಂಬಿ ತುಳುಕುವ ಸಂಖ್ಯೆ

ಇಂದಿನ ಬಹುಪಾಲು ಧ್ವನಿ ತಂತ್ರಾಂಶಗಳು ಒಳಗೆ −1ರಿಂದ +1ರವರೆಗಿನ ಫ್ಲೋಟ್ ಸಂಖ್ಯೆಗಳಲ್ಲಿ ಲೆಕ್ಕ ಮಾಡಿ, ಕೊನೆಗೆ 16 ಬಿಟ್ ಪೂರ್ಣಾಂಕಕ್ಕೆ ತಿರುಗಿಸುತ್ತವೆ. ಈ ತಿರುವಿನಲ್ಲಿ ಮೂರು ಬಗೆಯ ಅಪಘಾತಗಳಾಗುತ್ತವೆ. ಗುಣಿಸುವುದನ್ನೇ ಮರೆತರೆ −1 ಮತ್ತು +1ರ ನಡುವಿನ ಭಿನ್ನಗಳೆಲ್ಲ ಸೊನ್ನೆಯಾಗಿ ಪೂರ್ತಿ ಮೌನ. ತಿರುವುಮುರುವಾಗಿ, 16,000ದಂಥ ಸಂಖ್ಯೆಗಳನ್ನು ಭಾಗಿಸದೆ ಫ್ಲೋಟ್ ಬಯಸುವ ಯಂತ್ರಕ್ಕೆ ಕೊಟ್ಟರೆ ಎಲ್ಲವೂ ಮಿತಿ ಮೀರಿ, ತರಂಗ ಚೌಕಾಕಾರವಾಗಿ ಅರಚುತ್ತದೆ. ಮೂರನೆಯದು ಹೆಚ್ಚು ಸೂಕ್ಷ್ಮ. +1ನ್ನು 32,768ರಿಂದ ಗುಣಿಸಿದರೆ 32,768 ಬರುತ್ತದೆ. ಆದರೆ 16 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಹಿಡಿಸಲಾರದ ಸಂಖ್ಯೆ ಸುತ್ತು ಹಾಕಿ −32,768 ಆಗಬಹುದು. ದೂರ ಅಳೆಯುವ ಮೀಟರು 99,999ರ ನಂತರ 00,000 ತೋರಿಸುವ ಹಾಗೆ.

ಎರಡು ಧ್ವನಿಗಳನ್ನು ಬೆರೆಸುವಾಗ ಇದು ಇನ್ನೂ ಸ್ಪಷ್ಟ. ಪಿಟೀಲಿನ ಮಾದರಿ 20,000, ಮೃದಂಗದ ಮಾದರಿ 20,000. ಮೊತ್ತ 40,000. ಆದರೆ 16 ಬಿಟ್‌ಗಳಲ್ಲಿ ಉಳಿಯುವುದು 40,000ದಿಂದ 65,536 ಕಳೆದ ಸಂಖ್ಯೆ, ಅಂದರೆ −25,536. ಜೋರಾಗಿ ನುಡಿಸಿದ ಕಡೆಗಳಲ್ಲಿ ಮಾತ್ರ ಚಟಚಟ ಸಿಡಿತ, ಮೆಲ್ಲಗೆ ನುಡಿಸಿದ ಕಡೆ ಶುದ್ಧ ಧ್ವನಿ. ಈ ಲಕ್ಷಣವಿದ್ದರೆ ಸುತ್ತು ಹಾಕುವಿಕೆಯನ್ನು ಸಂಶಯಿಸಿ.

ಇಲ್ಲಿ ಪಾಠದ ಜತೆಗೆ ಪ್ರೋಗ್ರಾಮಿಂಗ್ ಭಾಷೆಗಳನ್ನೂ ವಿಮರ್ಶಿಸಬೇಕು. ಜಾವಾದಲ್ಲಿ ದೊಡ್ಡ ಫ್ಲೋಟನ್ನು 16 ಬಿಟ್ ಪೂರ್ಣಾಂಕಕ್ಕೆ ತಿರುಗಿಸಿದರೆ ಮೇಲಿನ ಬಿಟ್‌ಗಳು ಯಾವ ಎಚ್ಚರಿಕೆಯೂ ಇಲ್ಲದೆ ಉದುರಿಹೋಗುತ್ತವೆ. ಪೈಥಾನ್ ಬಳಸುವವರಿಗೆ ಪರಿಚಿತವಾದ ನಮ್‌ಪೈ ಗ್ರಂಥಾಲಯದಲ್ಲಿ 16 ಬಿಟ್ ಸಾಲುಗಳೆರಡನ್ನು ಕೂಡಿಸಿದರೂ ಸದ್ದಿಲ್ಲದೆ ಸುತ್ತು ಹಾಕುತ್ತದೆ. ಸಿ ಭಾಷೆಯಲ್ಲಂತೂ ಪೂರ್ಣಾಂಕದ ಮಿತಿ ಮೀರಿದ ಫ್ಲೋಟನ್ನು ತಿರುಗಿಸಿದರೆ ಏನು ಬರಬೇಕೆಂಬುದನ್ನು ಭಾಷೆಯ ನಿಯಮ ಹೇಳುವುದೇ ಇಲ್ಲ. ಒಂದು ಗಣಕದಲ್ಲಿ ಸರಿ ಎನಿಸಿದ್ದು ಇನ್ನೊಂದರಲ್ಲಿ ಕೆಡಬಹುದು. ವೇಗಕ್ಕಾಗಿ ಮಾಡಿದ ಈ ಆಯ್ಕೆಗಳಿಗೆ ಕಾರಣಗಳಿವೆ. ಆದರೆ ಕಲಿಯುವವನಿಗೆ ಇದನ್ನು ಯಾರಾದರೂ ಹೇಳಬೇಕಲ್ಲವೇ? ಹೋಲಿಕೆಗೆ ಸಾಕ್ಸ್ ಎಂಬ ಹಳೆಯ, ಮುಕ್ತ ಧ್ವನಿ ತಂತ್ರಾಂಶವನ್ನು ನೋಡಿ. ಮಿತಿ ಮೀರಿದ ಮಾದರಿಗಳನ್ನು ಅದು ತುದಿಯಲ್ಲೇ ತಡೆಯುತ್ತದೆ, ಎಷ್ಟು ಮಾದರಿಗಳ ತುದಿ ಕತ್ತರಿಸಿತೆಂದು ಎಣಿಸಿ ತಿಳಿಸುತ್ತದೆ, ಧ್ವನಿಯ ಮಟ್ಟ ಇಳಿಸಬಾರದೇ ಎಂದೂ ಕೇಳುತ್ತದೆ. ವಿದ್ಯಾರ್ಥಿಯ ಪ್ರೋಗ್ರಾಮೂ ಹೀಗೆಯೇ ಇರಬೇಕು: 32 ಬಿಟ್‌ಗಳಲ್ಲಿ ಕೂಡಿಸಿ, ಮಿತಿಯನ್ನು ಪರೀಕ್ಷಿಸಿ, ಮೀರಿದ್ದನ್ನು ತಡೆದು, ಎಣಿಕೆಯನ್ನು ಮುದ್ರಿಸಬೇಕು.

ಇದು ಹಾಡಿಗಷ್ಟೇ ಸೀಮಿತವಾದ ವಿಚಾರವಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂನಿಂದ ಮೊದಲ ಬಾರಿಗೆ ಹಾರಿದ ಏರಿಯೇನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಒಡೆದು ಸಿಡಿಯಿತು. ಏರಿಯೇನ್ 4ರಿಂದ ಹಾಗೆಯೇ ಎತ್ತಿಕೊಂಡಿದ್ದ ಮಾರ್ಗದರ್ಶಿ ತಂತ್ರಾಂಶವು ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್ ಫ್ಲೋಟ್ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ತಿರುಗಿಸಲು ಹೊರಟಿತ್ತು. ಹೊಸ ರಾಕೆಟ್ಟಿನ ವೇಗ ಹೆಚ್ಚು, ಸಂಖ್ಯೆ ಹಿಡಿಸಲಿಲ್ಲ. ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರಕ್ಕೆ ಬಿಡಲಾಗಿತ್ತೆಂದು ತನಿಖಾ ಮಂಡಳಿ ವರದಿ ಮಾಡಿತು. ಅಲ್ಲಿ ಸಂಖ್ಯೆ ಸುತ್ತು ಹಾಕಲಿಲ್ಲ. ತಂತ್ರಾಂಶ ದೋಷವನ್ನು ಘೋಷಿಸಿತು, ಆದರೆ ಅದನ್ನು ನಿಭಾಯಿಸುವ ಏರ್ಪಾಡಿಲ್ಲದೆ ಸಲಕರಣೆಯೇ ನಿಂತುಹೋಯಿತು. ಪರಿವರ್ತನೆಯ ಹೆಜ್ಜೆ ಮಾತ್ರ ನಮ್ಮ ವಿದ್ಯಾರ್ಥಿ ಧ್ವನಿಯ ಬಫರಿನಲ್ಲಿ ಇಡುವುದೇ. ಅದನ್ನು ಕಲಿಯಲು ಧ್ವನಿಗಿಂತ ಸುರಕ್ಷಿತವಾದ, ಅಗ್ಗವಾದ ಪ್ರಯೋಗಶಾಲೆ ಇನ್ನೊಂದಿಲ್ಲ.

ಶ್ರುತಿ ಏರಿತು, ಸಕಾರ ಕೆಟ್ಟಿತು

ಮಾದರಿ ದರವನ್ನು ಪಾಠ ಹೇಳಿಕೊಡುತ್ತದೆ ಎಂದೆವು. ಆದರೆ ದರ ಬದಲಾದಾಗ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. 44,100 ದರದಲ್ಲಿ ಮುದ್ರಿಸಿದ್ದನ್ನು 48,000 ಎಂದು ಭಾವಿಸಿ ನುಡಿಸಿದರೆ 441 ಹರ್ಟ್ಸಿನ ನಾದ 480 ಹರ್ಟ್ಸ್ ಆಗುತ್ತದೆ. ಹತ್ತು ನಿಮಿಷದ ಕೀರ್ತನೆ 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ. ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ಶ್ರುತಿ ಸುಮಾರು ಒಂದೂವರೆ ಸ್ಥಾನ ಮೇಲೇರುತ್ತದೆ. ವಿಶೇಷವೆಂದರೆ ತಂಬೂರಿ, ಗಾಯನ, ತಾಳ ಎಲ್ಲವೂ ಒಟ್ಟಿಗೆ ಏರುವುದರಿಂದ ಯಾವ ಸ್ವರವೂ ಅಪಸ್ವರವೆನಿಸುವುದಿಲ್ಲ. ಗಾಯಕರ ಶ್ರುತಿ ಏನಿತ್ತೆಂದು ಆ ಕಡತದಿಂದ ಅಳೆಯುವ ಸಂಶೋಧನಾ ವಿದ್ಯಾರ್ಥಿಗೆ ಮಾತ್ರ ತಪ್ಪು ಉತ್ತರ ಸಿಗುತ್ತದೆ.

ಚಾನೆಲ್ ತಪ್ಪಿದರೆ ಲಕ್ಷಣ ಎದ್ದು ಕಾಣುತ್ತದೆ. ಎರಡು ಚಾನೆಲ್‌ಗಳ ಧ್ವನಿಯಲ್ಲಿ ಎಡ, ಬಲ, ಎಡ, ಬಲ ಎಂದು ಮಾದರಿಗಳು ಹೆಣೆದಿರುತ್ತವೆ. ಅದನ್ನು ಒಂದೇ ಚಾನೆಲ್ ಎಂದು ಓದಿದರೆ ಮಾದರಿಗಳು ಇಮ್ಮಡಿಯಾಗಿ ಧ್ವನಿ ಒಂದು ಸ್ಥಾಯಿ ಕೆಳಗಿಳಿದು ಎರಡರಷ್ಟು ಹೊತ್ತು ಎಳೆಯುತ್ತದೆ. ಒಂದು ಚಾನೆಲನ್ನು ಎರಡೆಂದು ಓದಿದರೆ ಮೇಲಿನ ಸ್ಥಾಯಿಗೇರಿ ಅರ್ಧ ಹೊತ್ತಿಗೆ ಮುಗಿಯುತ್ತದೆ.

ದರವನ್ನು ಇಳಿಸುವಾಗ ಆಗುವ ಕೆಡುಕು ಇವೆಲ್ಲಕ್ಕಿಂತ ಗಂಭೀರ. ದೂರವಾಣಿಗೆ ಹೊಂದುವಂತೆ 48,000 ದರದ ಮಾತನ್ನು 8,000ಕ್ಕೆ ಇಳಿಸಬೇಕಾಗಿದೆ ಎನ್ನಿ. ‘ಆರರಲ್ಲಿ ಒಂದು ಮಾದರಿ ಇಟ್ಟುಕೋ, ಐದು ಬಿಡು’ ಎಂಬುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ 8,000 ದರದಲ್ಲಿ 4,000 ಹರ್ಟ್ಸಿಗಿಂತ ಮೇಲಿನ ಆವೃತ್ತಿಗಳಿಗೆ ಜಾಗವಿಲ್ಲ. ಅವು ಮಾಯವಾಗುವುದೂ ಇಲ್ಲ, ಮಡಚಿಕೊಂಡು ಕೆಳಗೆ ಬೀಳುತ್ತವೆ. 6,000 ಹರ್ಟ್ಸಿನ ಅಂಶ 2,000 ಹರ್ಟ್ಸಾಗಿ ಕೇಳುತ್ತದೆ. ಕನ್ನಡದ ಸಕಾರದ ಶಕ್ತಿಯ ಬಹುಪಾಲು 4,000 ಹರ್ಟ್ಸಿನ ಮೇಲೆ ಇರುತ್ತದೆ. ‘ಸರಸ’ ಎಂದು ಹೇಳಿಸಿ ಹೀಗೆ ಇಳಿಸಿ ನೋಡಿ: ಸಕಾರಗಳು ತಮ್ಮ ಜಾಗ ಬಿಟ್ಟು ಸ್ವರಗಳ ಜಾಗಕ್ಕೆ ಬಂದು ಬೀಳುತ್ತವೆ. ಮಾದರಿಗಳನ್ನು ಬಿಡುವುದಕ್ಕೆ ಮೊದಲು 4,000 ಹರ್ಟ್ಸಿಗಿಂತ ಮೇಲಿನದನ್ನು ಶೋಧಕದಿಂದ ತೆಗೆದುಹಾಕಬೇಕು. ಶ್ಯಾನನ್ ಪ್ರಮೇಯವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ ಇಲ್ಲಿ ಎಡವುವುದುಂಟು, ಏಕೆಂದರೆ ಪ್ರಮೇಯ ಮೈಕ್ರೊಫೋನಿನ ಬಳಿ ಮಾತ್ರವಲ್ಲದೆ ತಂತ್ರಾಂಶದೊಳಗೂ ಅನ್ವಯಿಸುತ್ತದೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಬಫರುಗಳ ಸಂದಿಯಲ್ಲಿ

ಇನ್ನೊಂದು ಲಕ್ಷಣ: ಹಾಡು ಸರಿಯಾಗಿದೆ, ಆದರೆ ಅದರ ಹಿಂದೆ ಕ್ರಮಬದ್ಧವಾದ ಗುರುಗುರು ಸದ್ದು. 1,024 ಮಾದರಿಗಳ ಬಫರ್ 44,100 ದರದಲ್ಲಿ ಸೆಕೆಂಡಿಗೆ ಸುಮಾರು 43 ಸಲ ತುಂಬುತ್ತದೆ. ಪ್ರತಿ ಸಂದಿಯಲ್ಲೂ ಒಂದು ಸಣ್ಣ ಬಿರುಕಿದ್ದರೆ ಸೆಕೆಂಡಿಗೆ 43 ಟಿಕ್ಕುಗಳು ಸೇರಿ ಗುರುಗುಟ್ಟುತ್ತವೆ. ಪರೀಕ್ಷೆ ಸುಲಭ. ಬಫರಿನ ಗಾತ್ರವನ್ನು 512ಕ್ಕೆ ಇಳಿಸಿ. ಗುರುಗುರು ಒಂದು ಸ್ಥಾಯಿ ಮೇಲೇರಿದರೆ ದೋಷ ಸಂದಿಯಲ್ಲಿದೆ, ಏರದಿದ್ದರೆ ಬೇರೆಡೆ ಇದೆ.

ಸಂದಿಯಲ್ಲಿ ಬಿರುಕು ಬರಲು ಮುಖ್ಯವಾಗಿ ಎರಡು ಕಾರಣಗಳು. ಒಂದು, ಎಣಿಕೆಯ ಮಾನದ ಗೊಂದಲ. ಎರಡು ಚಾನೆಲ್‌ಗಳ, 16 ಬಿಟ್‌ಗಳ 1,024 ಜೋಡಿ ಮಾದರಿಗಳೆಂದರೆ 4,096 ಬೈಟುಗಳು. 1,024 ಬೈಟುಗಳನ್ನಷ್ಟೇ ನಕಲಿಸಿದರೆ ಕಾಲುಭಾಗ ಮಾತ್ರ ಹೊಸ ಧ್ವನಿ, ಉಳಿದದ್ದು ಹಳೆಯ ಕಸ. ಎರಡು, ದರ ಬದಲಾವಣೆಯಲ್ಲಿ ಉಳಿಯುವ ಶೇಷ. 44,100ರಿಂದ 48,000ಕ್ಕೆ ಹೋಗುವ ಅನುಪಾತ 160ಕ್ಕೆ 147. ಹಾಗಾಗಿ 1,024 ಮಾದರಿಗಳು 1,114.56 ಮಾದರಿಗಳಾಗಬೇಕು. ಪ್ರತಿ ಬಫರಿನಲ್ಲೂ ಭಿನ್ನಾಂಶವನ್ನು ಕೈಬಿಟ್ಟು ಹೊಸದಾಗಿ ಎಣಿಕೆ ಆರಂಭಿಸಿದರೆ ಸೆಕೆಂಡಿಗೆ ಸುಮಾರು 24 ಮಾದರಿಗಳು ಕಳೆದುಹೋಗುತ್ತವೆ, ಪ್ರತಿ ಸಂದಿಯಲ್ಲೂ ಒಂದು ಟಿಕ್ಕು ಕೇಳುತ್ತದೆ. ಭಾಗಾಕಾರದಲ್ಲಿ ಶೇಷವನ್ನು ಮುಂದಿನ ಹೆಜ್ಜೆಗೆ ಒಯ್ಯಬೇಕೆಂದು ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೇವೆ. ಇಲ್ಲಿ ಬೇಕಾದದ್ದೂ ಅದೇ.

ಯಾವುದು ಮರಳಿ ಬರುತ್ತದೆ?

ಇಷ್ಟೆಲ್ಲ ವಿವರ ಒಂದು ಪ್ರೋಗ್ರಾಮು ಸರಿಪಡಿಸುವುದಕ್ಕಾಗಿ ಮಾತ್ರವೇ? ಅಲ್ಲ. ಇಲ್ಲಿ ಕಿವಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದನ್ನು ಗಮನಿಸಬೇಕು. ಕೇಳಲು ಅತಿ ಭಯಂಕರವಾದದ್ದು ಬೈಟುಗಳ ಕ್ರಮದ ತಪ್ಪು. ಆದರೆ ಅದರಲ್ಲಿ ಒಂದು ಬಿಟ್ ಕೂಡ ನಷ್ಟವಾಗಿಲ್ಲ. ಮತ್ತೊಮ್ಮೆ ಅದಲುಬದಲು ಮಾಡಿದರೆ ಮೂಲ ಧ್ವನಿ ಯಥಾವತ್ತಾಗಿ ಮರಳುತ್ತದೆ. 8 ಬಿಟ್‌ಗಳ ಚಿಹ್ನೆಯ ತಪ್ಪು, ಚಾನೆಲ್ ತಪ್ಪು, ದರದ ತಪ್ಪು ನಮೂದು ಇವೂ ಹಾಗೆಯೇ. ಇದಕ್ಕೆ ವಿರುದ್ಧವಾಗಿ, ತುದಿ ಕತ್ತರಿಸಿದ ಧ್ವನಿ ಕಿವಿಗೆ ತುಸು ಗಡುಸೆನಿಸಬಹುದು ಅಷ್ಟೆ, ಕತ್ತರಿಸಿದ ಶಿಖರಗಳು ಮಾತ್ರ ಶಾಶ್ವತವಾಗಿ ಹೋದವು. ಧ್ವನಿಯ ಮಟ್ಟವನ್ನು ಆಮೇಲೆ ಇಳಿಸಿದರೆ ಚಪ್ಪಟೆ ತುದಿಗಳು ಚಪ್ಪಟೆಯಾಗಿಯೇ ಕೆಳಗಿಳಿಯುತ್ತವೆ. ಶೋಧಕವಿಲ್ಲದೆ ದರ ಇಳಿಸಿದ್ದು ‘ಪರವಾಗಿಲ್ಲ’ ಎನಿಸಬಹುದು, ಆದರೆ ಮಡಚಿ ಬಿದ್ದ ಸಕಾರವನ್ನು ಮತ್ತೆ ಬಿಡಿಸಲಾಗದು.

ಈಗ ಒಂದು ಸಂದರ್ಭ ಊಹಿಸಿ. ಬೀಸುವ ಪದಗಳನ್ನೋ ಸೋಬಾನೆ ಪದಗಳನ್ನೋ ಬಲ್ಲ ಹಿರಿಯ ಹಾಡುಗಾರ್ತಿಯೊಬ್ಬರ ಧ್ವನಿ ಹಳೆಯ ಕ್ಯಾಸೆಟ್ಟಿನಲ್ಲಿದೆ. ಅವರು ಈಗಿಲ್ಲ. ಅದನ್ನು ಗಣಕಕ್ಕೆ ಇಳಿಸಿದಾಗ ಭೋರ್ಗರೆತ ಬಂತು. ತಿಳಿಯದವರು ಗದ್ದಲ ತೆಗೆಯುವ ಶೋಧಕ ಹಾಕಿ, ಎಂಪಿ3ಗೆ ಕುಗ್ಗಿಸಿ, ಮೂಲ ಕಡತ ಅಳಿಸಿಬಿಟ್ಟರೆ ಒಂದು ನಿಮಿಷದಲ್ಲಿ ಸರಿಹೋಗಬಹುದಾಗಿದ್ದ ತಪ್ಪು ಕಾಯಂ ಆಗುತ್ತದೆ. ಆ ಹೊತ್ತಿಗೆ ಸುರುಳಿ ಬೂಷ್ಟು ಹಿಡಿದು ಹಾಳಾಗಿದ್ದರೆ ಪದವೂ ಹೋಯಿತು. ಯಾವ ತಪ್ಪು ಮರಳುತ್ತದೆ, ಯಾವುದು ಮರಳುವುದಿಲ್ಲ ಎಂಬ ವಿವೇಕವನ್ನು ಕಲಿಸದ ಪಾಠವನ್ನು ಪೂರ್ಣ ಎನ್ನಲಾಗದು. ಕಾರಣ ಗೊತ್ತಾಗುವ ತನಕ ಮೂಲ ಕಡತವನ್ನು ಮುಟ್ಟಬಾರದು ಎಂಬುದು ಮೊದಲ ನಿಯಮ.

ಒಂದು ತರಗತಿ ಸಾಕು

‘ಪರಿವರ್ತನೆ ಮಾಡಲು ಸಿದ್ಧ ತಂತ್ರಾಂಶಗಳಿವೆ, ಇದನ್ನೆಲ್ಲ ಕಲಿಸುವುದೇಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಿದ್ಧ ತಂತ್ರಾಂಶ ಅನೇಕ ವೇಳೆ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಆದರೆ ಎರಡು ತಂತ್ರಾಂಶಗಳ ನಡುವೆ ಬಫರ್ ಕೈಬದಲಾಗುವಲ್ಲಿ ಅವೆರಡೂ ಒಂದೇ ಒಪ್ಪಂದದಲ್ಲಿವೆಯೇ ಎಂದು ನೋಡುವವರು ಮನುಷ್ಯರೇ. ಕನ್ನಡದ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳ ಕೆಲಸಕ್ಕೆ ಇಂದು ನಮ್ಮ ವಿದ್ಯಾರ್ಥಿಗಳು ಇಳಿಯುತ್ತಿದ್ದಾರೆ. ಅಂಥ ಯಂತ್ರಗಳಿಗೆ ಕೆಟ್ಟ ಮಾದರಿಗಳನ್ನು ಉಣಿಸಿದರೆ ಅವು ದೂರು ಹೇಳುವುದಿಲ್ಲ, ಕೆಟ್ಟದ್ದನ್ನೇ ಕಲಿಯುತ್ತವೆ. ಪಠ್ಯಕ್ರಮದಲ್ಲಿ ಜಾಗವಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರವಾಗಿ ಒಂದೇ ತರಗತಿಯ ಪ್ರಯೋಗವನ್ನು ಸೂಚಿಸುತ್ತೇವೆ.

2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಈ ಪ್ರಯೋಗಕ್ಕೆ ಸಾಕು. ಒಬ್ಬರ ಮಾತನ್ನು 16 ಬಿಟ್‌ಗಳ ವೇವ್ ಕಡತವಾಗಿ ಉಳಿಸಿ. ಅನಂತರ ಅದೇ ಕಡತವನ್ನು ಕಚ್ಚಾ ದತ್ತಾಂಶವಾಗಿ ಆಮದು ಮಾಡಿಕೊಳ್ಳುವ ಸೌಲಭ್ಯದಿಂದ ತೆರೆಯಿರಿ. ಆಗ ತಂತ್ರಾಂಶವು ಮಾದರಿಯ ಬಗೆ, ಬೈಟುಗಳ ಕ್ರಮ, ಚಾನೆಲ್‌ಗಳ ಸಂಖ್ಯೆ, ಎಷ್ಟು ಬೈಟು ಬಿಡಬೇಕು, ದರ ಎಷ್ಟು ಎಂದು ನಿಮ್ಮನ್ನೇ ಕೇಳುತ್ತದೆ. ಪಾಠದಲ್ಲಿ ಬಿಟ್ಟುಹೋದ ಪ್ರಶ್ನೆಗಳು ಅಲ್ಲಿ ಪರದೆಯ ಮೇಲಿರುತ್ತವೆ. ಒಂದೊಂದು ಸಲ ಒಂದೊಂದು ಉತ್ತರವನ್ನು ಬೇಕೆಂದೇ ತಪ್ಪಾಗಿ ಕೊಡಿ, ಬರುವ ಸದ್ದನ್ನು ಇಡೀ ತರಗತಿ ಕೇಳಲಿ. ಧ್ವನಿಯ ಮಟ್ಟವನ್ನು ಮೊದಲೇ ತಗ್ಗಿಸಿಟ್ಟುಕೊಳ್ಳಿ. ಹೆಡ್‌ಫೋನ್ ಬಳಸಬೇಡಿ, ಭೋರ್ಗರೆತ ಕಿವಿಗೆ ಅಪಾಯಕಾರಿ. ಬಳಿಕ ಆಟದ ದಿಕ್ಕು ಬದಲಿಸಿ: ಅಧ್ಯಾಪಕರು ಯಾವ ತಪ್ಪು ಮಾಡಿದ್ದಾರೆಂದು ವಿದ್ಯಾರ್ಥಿಗಳು ಸದ್ದನ್ನು ಕೇಳಿ ಹೇಳಲಿ.

ಪ್ರೋಗ್ರಾಮು ಬರೆಯುವವರಿಗೆ ಎರಡು ಅಭ್ಯಾಸಗಳು ಸಾಕು. ಮೊದಲನೆಯದು, ಕಿವಿಗೆ ಮುನ್ನ ಕಣ್ಣು. 441 ಹರ್ಟ್ಸಿನ ಪರೀಕ್ಷಾ ತರಂಗ ಕೊಟ್ಟು ಪ್ರತಿ ಹಂತದಲ್ಲೂ ಮೊದಲ ಆರು ಸಂಖ್ಯೆಗಳನ್ನು ಮುದ್ರಿಸಿ ನೋಡಿ. 1005ರ ಜಾಗದಲ್ಲಿ −4861 ಕಂಡರೆ ಬೈಟುಗಳ ಕ್ರಮ, 749 ಕಂಡರೆ ಚಿಹ್ನೆ, 0 ಕಂಡರೆ ಗುಣಕ ತಪ್ಪಿದೆ. ಎರಡನೆಯದು, ಹೋಗಿ ಬರುವ ಪರೀಕ್ಷೆ. ಪೂರ್ಣಾಂಕದಿಂದ ಫ್ಲೋಟಿಗೆ, ಮತ್ತೆ ಪೂರ್ಣಾಂಕಕ್ಕೆ ತಿರುಗಿಸಿ ಹೊರಟ ಸಂಖ್ಯೆಯೇ ಮರಳಿತೇ ಎಂದು −32,768, −1, 0, 1 ಮತ್ತು 32,767 ಎಂಬ ಐದು ಸಂಖ್ಯೆಗಳಿಂದ ಪರೀಕ್ಷಿಸಿ. ತಪ್ಪುಗಳು ಹೆಚ್ಚಾಗಿ ಅಡಗಿರುವುದು ಈ ತುದಿಗಳಲ್ಲಿ ಮತ್ತು ಸೊನ್ನೆಯ ಆಸುಪಾಸಿನಲ್ಲಿ.

ಮುಂದಿನ ವರ್ಷ ಈ ಪಾಠ ಮಾಡುವಾಗ ‘44,100, 16 ಬಿಟ್’ ಎಂದು ಕರಿಹಲಗೆಯ ಮೇಲೆ ಬರೆದ ಮೇಲೆ ಆ ಆರು ಪ್ರಶ್ನೆಗಳನ್ನೂ ಕೆಳಗೆ ಬರೆಯಿರಿ. ಪರೀಕ್ಷೆಯಲ್ಲಿ ಪ್ರಮೇಯವನ್ನು ನಿರೂಪಿಸಲು ಕೇಳುವ ಜತೆಗೆ, ಕೆಟ್ಟ ಬಫರೊಂದರ ಆರು ಸಂಖ್ಯೆಗಳನ್ನು ಕೊಟ್ಟು ತಪ್ಪು ಎಲ್ಲಿದೆ ಎಂದೂ ಕೇಳಿ. ಆ ಪ್ರಶ್ನೆಗೆ ಉತ್ತರಿಸಬಲ್ಲ ವಿದ್ಯಾರ್ಥಿಯ ಕೈಗೆ ಹಳೆಯ ಕ್ಯಾಸೆಟ್ಟನ್ನು ಧೈರ್ಯವಾಗಿ ಕೊಡಬಹುದು.